ಕಾದಂಬರಿಯ ಪಾತ್ರಕ್ಕೊಂದು ವಾರಂಟು

ಕಾದಂಬರಿಯೊಳಗಿನ ಮನುಷ್ಯನೊಬ್ಬನನ್ನು ಹಿಡಿದು ತರಲು ಪೊಲೀಸರು ಹೊರಟರೆಂಬ ಸಂಗತಿಯನ್ನು ಮೊದಲ ಸಲ ಕೇಳಿದಾಗ ಅದು ಯಾರೋ ಕಟ್ಟಿದ ನಗೆಹನಿ ಇರಬೇಕೆಂದುಕೊಂಡಿದ್ದೆ. ಹಾಗಲ್ಲವೆಂದು ಆಮೇಲೆ ತಿಳಿಯಿತು. ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ 1986ರಲ್ಲಿ ತನ್ನ ತಾಯ್ನುಡಿಯಾದ ಗಿಕುಯುವಿನಲ್ಲಿ 'ಮಟಿಗಾರಿ' ಎಂಬ ಕಾದಂಬರಿ ಪ್ರಕಟಿಸಿದ. ಆಗ ಆತ ದೇಶ ಬಿಟ್ಟು ಲಂಡನ್ನಿನಲ್ಲಿದ್ದ. 1987ರ ಆರಂಭದಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿಯ ಸರ್ಕಾರಕ್ಕೆ ಗುಪ್ತಚರರ ವರದಿ ಹೋಯಿತು: ಮಧ್ಯ ಕೀನ್ಯಾದ ಹಳ್ಳಿಗಳಲ್ಲಿ ಮಟಿಗಾರಿ ಎಂಬುವನೊಬ್ಬ ತಿರುಗುತ್ತಿದ್ದಾನೆ, ಸತ್ಯ ಎಲ್ಲಿದೆ ನ್ಯಾಯ ಎಲ್ಲಿದೆ ಎಂದು ಕೇಳುತ್ತಿದ್ದಾನೆ, ಜನ ಅವನದೇ ಮಾತಾಡುತ್ತಿದ್ದಾರೆ. ಅವನನ್ನು ಹಿಡಿದು ತನ್ನಿ ಎಂದು ಅಪ್ಪಣೆಯಾಯಿತು. ಹುಡುಕಿದ ಮೇಲೆ ಆಸಾಮಿ ಪುಸ್ತಕದೊಳಗೆ ವಾಸವಾಗಿರುವುದು ಗೊತ್ತಾಯಿತು. ಮನುಷ್ಯ ಸಿಕ್ಕದೆ ಹೋದದ್ದರಿಂದ ಪುಸ್ತಕವನ್ನೇ ಹಿಡಿದರು. ಅಂಗಡಿಗಳಿಗೆ ನುಗ್ಗಿ ಸಿಕ್ಕ ಪ್ರತಿಗಳನ್ನೆಲ್ಲ ಹೊತ್ತೊಯ್ದರು. ಇಂಗ್ಲಿಷ್ ಅನುವಾದದ ಮುನ್ನುಡಿಯಲ್ಲಿ ಗೂಗಿಯೇ ಈ ಸಂಗತಿಯನ್ನು ದಾಖಲಿಸಿದ್ದಾನೆ.

ಈ ಪ್ರಸಂಗವನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಸಾಹಿತ್ಯದ ಶಕ್ತಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ ಎಂದು ಕೇಳುತ್ತಿದ್ದೆ. 2025ರ ಮೇ 28ರಂದು ಗೂಗಿ ತೀರಿಕೊಂಡ ಸುದ್ದಿ ಓದಿದ ರಾತ್ರಿ ಕಪಾಟಿನಿಂದ ಆ ಪುಸ್ತಕವನ್ನು ತೆಗೆದು ಮತ್ತೆ ಓದಲು ಕೂತೆ. ಓದುತ್ತ ಹೋದಂತೆ ಆ ಚಪ್ಪಾಳೆಗಳ ಬಗ್ಗೆ ಮುಜುಗರವಾಗತೊಡಗಿತು. ಸರ್ಕಾರ ಹೆದರಿತು ಎಂದು ಹೇಳಿ ಮುಗಿಸಿಬಿಡುತ್ತಿದ್ದೆನೇ ಹೊರತು, ಅದು ಕಾದಂಬರಿಯ ಯಾವ ಭಾಗಕ್ಕೆ ಹೆದರಿತು ಎಂದು ನಾನು ಕೇಳಿಕೊಂಡಿರಲೇ ಇಲ್ಲ. ಈಗ ಕೇಳಿಕೊಂಡಾಗ ಹೊಳೆದ ಕೆಲವು ಮಾತುಗಳನ್ನು ಇಲ್ಲಿ ಹೇಳಬೇಕೆನಿಸಿದೆ.

ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ನಮ್ಮಲ್ಲಿ ಗೂಗಿಯನ್ನು ಓದಿದ್ದು ಅರ್ಧ ಮಾತ್ರ. ಗೋಕಾಕ್ ಚಳವಳಿಯ ಕಾವು ಇನ್ನೂ ಆರಿರದ ದಿನಗಳಲ್ಲಿ ಆತನ 'ಡಿಕಾಲೊನೈಸಿಂಗ್ ದಿ ಮೈಂಡ್' ನಮ್ಮ ಕೈಸೇರಿತು. ಇಂಗ್ಲಿಷನ್ನು ಬಿಟ್ಟು ತಾಯ್ನುಡಿಗೆ ಮರಳಿದ ಲೇಖಕ ಎಂಬ ಒಂದೇ ವಿವರ ನಮಗೆ ಸಾಕಾಯಿತು. ವಿಚಾರಸಂಕಿರಣಗಳಲ್ಲಿ ಆತನ ಹೆಸರು ಮಂಗಳಾರತಿಯ ಹಾಗೆ ಬಂದೇ ಬರುತ್ತಿತ್ತು. ಹೀಗೆ ಬಳಸಿದವರಲ್ಲಿ ನಾನೂ ಒಬ್ಬ. ಆದರೆ ಗೂಗಿ ಜೈಲಿಗೆ ಹೋದದ್ದು ಭಾಷಾಭಿಮಾನದ ಭಾಷಣ ಮಾಡಿದ್ದಕ್ಕಲ್ಲ. ಆತನ ಭಾಷೆಯ ಆಯ್ಕೆಯನ್ನು ಆತನ ರಾಜಕೀಯದಿಂದ ಬಿಡಿಸಿ ತೆಗೆದರೆ ಉಳಿಯುವುದು ಸಿಪ್ಪೆ. ಅದು ಹೇಗೆಂದು ತಿಳಿಯಲು 1977ನೇ ಇಸವಿಯ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಆ ವರ್ಷದ ಜುಲೈನಲ್ಲಿ ಗೂಗಿಯ ಇಂಗ್ಲಿಷ್ ಕಾದಂಬರಿ 'ಪೆಟಲ್ಸ್ ಆಫ್ ಬ್ಲಡ್' ಬಿಡುಗಡೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ದೇಶವನ್ನು ನುಂಗಿದ ಹೊಸ ಧನಿಕರ ಮೇಲೆ ಕೆಂಡ ಕಾರುವ ಕೃತಿ ಅದು. ಬಿಡುಗಡೆ ಸಮಾರಂಭಕ್ಕೆ ಬಂದ ಮುಖ್ಯ ಅತಿಥಿ ಅದೇ ಸರ್ಕಾರದ ಹಣಕಾಸು ಮಂತ್ರಿ ಮ್ವಾಯಿ ಕಿಬಾಕಿ. ಯಾರಿಗೂ ಏನೂ ಆಗಲಿಲ್ಲ. ಅದೇ ಅಕ್ಟೋಬರಿನಲ್ಲಿ ಲಿಮುರು ಪಟ್ಟಣದ ಮಗ್ಗುಲಲ್ಲಿರುವ ಕಮಿರೀಥು ಎಂಬ ಹಳ್ಳಿಯಲ್ಲಿ, ರೈತರೂ ಚಪ್ಪಲಿ ಕಾರ್ಖಾನೆಯ ಕೂಲಿಗಳೂ ಸೇರಿ ತಾವೇ ಕಟ್ಟಿದ ಬಯಲು ರಂಗಮಂದಿರದಲ್ಲಿ, ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರೀ ಬರೆದ ಗಿಕುಯು ನಾಟಕ ಆಡಿದರು. ಅದರ ಹೆಸರಿನ ಅರ್ಥ 'ಇಷ್ಟವಾದಾಗ ಮದುವೆಯಾಗುತ್ತೇನೆ' ಎಂದು. ನಾಟಕದ ಕಿಗೂಂಡ ಎಂಬ ಬಡವನಿಗೆ ಇರುವುದು ಒಂದೂವರೆ ಎಕರೆ ಜಮೀನು. ಅದರ ಹಕ್ಕುಪತ್ರವನ್ನು ಆತ ದೇವರ ಪಟದಂತೆ ಕಾಪಾಡಿಕೊಂಡಿದ್ದಾನೆ. ಊರಿನ ಶ್ರೀಮಂತ, ಧರ್ಮಬುದ್ಧಿಯ ಕಿಯೋಯಿ, ಇಗರ್ಜಿಯಲ್ಲಿ ಶಾಸ್ತ್ರೋಕ್ತವಾಗಿ ಮತ್ತೆ ಮದುವೆಯಾಗು ಎಂದು ಅವನನ್ನು ಪುಸಲಾಯಿಸುತ್ತಾನೆ. ಮದುವೆಯ ಖರ್ಚಿಗೆ ಜಮೀನು ಬ್ಯಾಂಕಿಗೆ ಅಡವಾಗುತ್ತದೆ, ಅಲ್ಲಿಂದ ಕಿಯೋಯಿಯ ಪಾಲಾಗುತ್ತದೆ. ಮದುವೆಯ ಸಾಲಕ್ಕೆ ಹೊಲ ಕಳೆದುಕೊಂಡವರನ್ನು ಕಂಡಿರುವ ನಮಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಟಕಕ್ಕೆ ಸುತ್ತಲ ಹಳ್ಳಿಗಳಿಂದ ಜನ ಕಿಕ್ಕಿರಿದು ಬಂದರು. ಒಂದೂವರೆ ತಿಂಗಳಲ್ಲಿ ಪರವಾನಗಿ ರದ್ದಾಯಿತು. ಡಿಸೆಂಬರ್ 31ರ ನಡುರಾತ್ರಿ ಪೊಲೀಸರು ಗೂಗಿಯ ಮನೆಗೆ ಬಂದರು. ವಿಚಾರಣೆಯಿಲ್ಲದ ಆ ಬಂಧನದ ಆಜ್ಞೆಗೆ ಸಹಿ ಹಾಕಿದವನು ಆಗ ಗೃಹಮಂತ್ರಿಯೂ ಉಪಾಧ್ಯಕ್ಷನೂ ಆಗಿದ್ದ ಮೊಯಿ. ಕಮಿಟಿ ಎಂಬ ಸೆರೆಮನೆಯಲ್ಲಿ ಗೂಗಿ 'ಕೆ6,77' ಎಂಬ ಸಂಖ್ಯೆಯಾಗಿ ಒಂದು ವರ್ಷ ಕಳೆದ. ಶೌಚಕ್ಕೆಂದು ಕೊಡುತ್ತಿದ್ದ ಒರಟು ಕಾಗದದ ಮೇಲೆ ಗಿಕುಯುವಿನಲ್ಲಿ ತನ್ನ ಮೊದಲ ಕಾದಂಬರಿ ಬರೆದ. ಅದೇ 1980ರಲ್ಲಿ 'ಶಿಲುಬೆಯ ಮೇಲಿನ ಸೈತಾನ' ಎಂಬರ್ಥದ ಹೆಸರಿನಲ್ಲಿ ಅಚ್ಚಾಯಿತು. ಇಂಗ್ಲಿಷಿನಲ್ಲಿ ಬೈದಾಗ ಮಂತ್ರಿ ಬಂದು ಪುಸ್ತಕ ಬಿಡುಗಡೆ ಮಾಡಿದ, ಕೂಲಿಯವನ ಭಾಷೆಯಲ್ಲಿ ಕೂಲಿಯವನ ಬಾಯಿಂದ ಆಡಿಸಿದಾಗ ಜೈಲಾಯಿತು. ಗೂಗಿಯ ಭಾಷಾನೀತಿ ಹುಟ್ಟಿದ್ದು ಈ ಅನುಭವದಿಂದ. ಇದನ್ನು ಬಿಟ್ಟು ಬರೀ 'ತಾಯ್ನುಡಿ' ಎಂಬ ಪದವನ್ನು ಎತ್ತಿಕೊಂಡ ನಾವು ಅಪಾಯವಿಲ್ಲದ ಗೂಗಿಯನ್ನು ಮಾಡಿಕೊಂಡೆವು.

ಇನ್ನು 'ಮಟಿಗಾರಿ'. ಆ ಹೆಸರಿನ ಪೂರ್ಣರೂಪಕ್ಕೆ 'ಗುಂಡುಗಳಿಂದ ಉಳಿದವರು' ಎಂದರ್ಥ. ಬಿಳಿಯ ಜಮೀನ್ದಾರ ವಿಲಿಯಮ್ಸ್ ಮತ್ತು ಅವನ ಅಡಿಯಾಳು ಜಾನ್ ಬಾಯ್ ಇಬ್ಬರನ್ನೂ ವರ್ಷಗಳ ಕಾದಾಟದ ಕೊನೆಗೆ ಮುಗಿಸಿ, ಮಟಿಗಾರಿ ಕಾಡಿನಿಂದ ಹೊರಬರುತ್ತಾನೆ. ಬಂದೂಕವನ್ನು ಮುಗುಮೋ ಮರದ ಬುಡದಲ್ಲಿ ಹೂತು, ಸೊಂಟಕ್ಕೆ ಶಾಂತಿಯ ಪಟ್ಟಿ ಬಿಗಿದು, ತಾನು ಕಟ್ಟಿದ ಮನೆಯನ್ನೂ ತನ್ನ ಮಕ್ಕಳುಮರಿಯನ್ನೂ ಹುಡುಕುತ್ತ ಹೊರಡುತ್ತಾನೆ. ಮುಗುಮೋ ಎಂದರೆ ನಮ್ಮ ಆಲ, ಅರಳಿ, ಅತ್ತಿಗಳ ಕುಲದ ಮರ. ಗಿಕುಯು ಜನಕ್ಕೆ ಪೂಜ್ಯ, ಅದರ ನೆರಳೇ ಅವರ ಗುಡಿ. ಆದರೆ ಮಟಿಗಾರಿ ಕಾಣುವುದೇನು? ಕಸದ ರಾಶಿಯಲ್ಲಿ ತುತ್ತಿಗಾಗಿ ಕಿತ್ತಾಡುತ್ತ ಗುಜರಿ ಕಾರುಗಳೊಳಗೆ ಮಲಗುವ ಅನಾಥ ಹುಡುಗರು. ಮುಷ್ಕರ ಹೂಡಿ ಏಟು ತಿನ್ನುವ ಕಾರ್ಮಿಕರು. ಮೈಮಾರಿ ಬದುಕುವ, ಆದರೆ ಪೊಲೀಸರಿಗೆ ಮಾತ್ರ ಮೈಕೊಡೆನೆಂದು ವ್ರತ ಹಿಡಿದ ಗುಥೆರಾ ಎಂಬ ಹೆಣ್ಣು. ಮನೆಯ ಬಾಗಿಲಲ್ಲಿ ವಿಲಿಯಮ್ಸನ ಮಗ ಮತ್ತು ಜಾನ್ ಬಾಯ್‌ನ ಮಗ ಕುದುರೆಯೇರಿ ನಿಂತಿದ್ದಾರೆ. ಬಾವುಟ ಬದಲಾಗಿದೆ, ಬೀಗದ ಕೈ ಅದೇ ಮನೆತನಗಳಲ್ಲಿದೆ.

ಅಲ್ಲಿಂದ ಮುಂದಿನ ಭಾಗವೇ ನನ್ನ ಪ್ರಕಾರ ಇಡೀ ಕೃತಿಯ ಜೀವ. ಕಟ್ಟಿದವನಿಗೇ ಮನೆಯಿಲ್ಲ, ಬೆಳೆದವನಿಗೇ ಅನ್ನವಿಲ್ಲ ಎಂಬ ಈ ದೇಶದಲ್ಲಿ ಸತ್ಯ ಮತ್ತು ನ್ಯಾಯ ಎಲ್ಲಿ ಸಿಗುತ್ತವೆ ಎಂದು ಮಟಿಗಾರಿ ಕಂಡಕಂಡವರನ್ನು ಕೇಳುತ್ತ ಹೋಗುತ್ತಾನೆ. ಸಂತೆಯಲ್ಲಿ ಕೇಳುತ್ತಾನೆ, ವಿದ್ಯಾರ್ಥಿಯನ್ನು ಕೇಳುತ್ತಾನೆ, ಅಧ್ಯಾಪಕನನ್ನು ಕೇಳುತ್ತಾನೆ, ಪಾದ್ರಿಯನ್ನು ಕೇಳುತ್ತಾನೆ. ಒಬ್ಬೊಬ್ಬರೂ ಇನ್ನೊಬ್ಬರ ಕಡೆಗೆ ಕೈತೋರಿಸುತ್ತಾರೆ. ಕೊನೆಗೆ 'ಸತ್ಯ ಮತ್ತು ನ್ಯಾಯದ ಮಂತ್ರಿ' ಎಂಬ ಬಿರುದಿನವನ ಸಭೆಗೇ ಹೋಗಿ ಕೇಳುತ್ತಾನೆ. ಹುಚ್ಚಾಸ್ಪತ್ರೆಗೆ ತಳ್ಳುತ್ತಾರೆ. ನಮ್ಮ ಜನಪದ ಕತೆಗಳಲ್ಲಿ ಒಂದೇ ಪ್ರಶ್ನೆ ಹಿಡಿದು ಮನೆಮನೆಯ ಬಾಗಿಲು ತಟ್ಟುವ ಮುದುಕರಿರುತ್ತಾರಲ್ಲ, ಅದೇ ಜಾಯಮಾನದ ನಿರೂಪಣೆ. ಹಳ್ಳಿಯ ಜನ ಇದನ್ನು ಓದಿಸಿ ಕೇಳಿ, ಪಾತ್ರವನ್ನು ಪುಸ್ತಕದಿಂದ ಹೊರಗೆ ಕರೆದುಕೊಂಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಮಂತ್ರಿಯ ಆ ಸಭೆಯಲ್ಲಿ ಗಿಳಿವಿದ್ಯೆಯಲ್ಲಿ ಡಾಕ್ಟರೇಟ್ ಪಡೆದ ಪ್ರೊಫೆಸರಿದ್ದಾನೆ, ಗಿಳಿಪತ್ರಿಕೆಯೊಂದರ ಸಂಪಾದಕನಿದ್ದಾನೆ, ಎಲ್ಲರೂ ಎದ್ದುನಿಂತು ಹಾಡುವುದಕ್ಕೆ ಗಿಳಿಹಾಡುಗಳಿವೆ. ಇದು ಗೂಗಿಯ ಕಲ್ಪನೆಯ ವಿಕಾರವೇನಲ್ಲ. 1984ರ ಸೆಪ್ಟೆಂಬರಿನಲ್ಲಿ ಮೊಯಿ ತನ್ನ ಮಂತ್ರಿಗಳಿಗೆ ಬಹಿರಂಗವಾಗಿ ಹೇಳಿದ್ದೇ ಅದು: ಹಿಂದಿನ ಅಧ್ಯಕ್ಷ ಕೆನ್ಯಾಟನ ಕಾಲದಲ್ಲಿ ತಾನು ಅವನ ರಾಗವನ್ನಷ್ಟೇ ಹಾಡುತ್ತಿದ್ದೆ, ಈಗ ನೀವೆಲ್ಲ ಗಿಳಿಗಳಂತೆ ನನ್ನ ರಾಗ ಹಾಡಬೇಕು ಎಂದು. ಅದಕ್ಕೆ ಎರಡು ವರ್ಷ ಮೊದಲು, 1982ರ ಜೂನಿನಲ್ಲಿ, ಸಂವಿಧಾನ ತಿದ್ದಿ ಕಾನು ಪಕ್ಷವೊಂದನ್ನು ಬಿಟ್ಟು ಬೇರೆ ಪಕ್ಷವೇ ಇರಕೂಡದೆಂದು ಮಾಡಲಾಗಿತ್ತು.

ಗಿಳಿಗಳ ಈ ಭಾಗ ಓದುವಾಗ ನಾನು ಮೊದಲ ಸಲ ನಕ್ಕಿದ್ದೆ. ಈ ಸಲ ನಗಲಾಗಲಿಲ್ಲ. ಕಾದಂಬರಿಯ ಆರಂಭದಲ್ಲಿ ಗೂಗಿ, ಈ ಕತೆ ನಡೆಯುವ ದೇಶವನ್ನು ಓದುಗರೇ ತಮಗೆ ಬೇಕಾದಂತೆ ಆರಿಸಿಕೊಳ್ಳಲಿ ಎಂದಿದ್ದಾನೆ. ನಾನು ಆರಿಸಿಕೊಳ್ಳುವ ಮೊದಲೇ ಅದು ಬಂದು ಕೂತಿತ್ತು. 1976. ನಾನು ಒಂದು ತಾಲೂಕು ಕೇಂದ್ರದ ಕಾಲೇಜಿನಲ್ಲಿ ಹೊಸದಾಗಿ ಸೇರಿದ ಅಧ್ಯಾಪಕ. ತುರ್ತು ಪರಿಸ್ಥಿತಿಯ ಎರಡನೆಯ ವರ್ಷ. ಇಪ್ಪತ್ತು ಅಂಶಗಳ ಕಾರ್ಯಕ್ರಮದ ಬಗ್ಗೆ ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ನಡೆಸಬೇಕೆಂದು ಮೇಲಿನಿಂದ ಸೂಚನೆ ಬಂತು. ಮಾದರಿ ಪ್ರಬಂಧ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ. ಚೆನ್ನಾಗಿಯೇ ಬರೆದೆ. ಹುಡುಗರು ಅದನ್ನು ಬಾಯಿಪಾಠ ಮಾಡಿದರು. ಗಿಣಿಪಾಠ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಒಂದು ದಿನ ತರಗತಿಯ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, 'ಸಾರ್, ನಮ್ಮ ಸೋದರಮಾವನ್ನ ಪೊಲೀಸ್ನೋರು ಕರ್ಕೊಂಡ್ ಹೋಗಿ ಐದು ತಿಂಗಳಾಯ್ತು, ಯಾಕೆ ಅಂತ ಯಾರೂ ಹೇಳ್ತಿಲ್ಲ. ನೀವು ಹೇಳ್ತೀರಾ?' ಎಂದು ಕೇಳಿದ. ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಕೇಳಬೇಡ, ಕೂತುಕೋ ಎಂದೆ. ಅವನು ಕೂತ. ಮತ್ತೆಂದೂ ನನ್ನ ತರಗತಿಯಲ್ಲಿ ಅವನು ಪ್ರಶ್ನೆ ಕೇಳಲಿಲ್ಲ.

ನನಗೆ ಯಾರೂ ಬಂದೂಕ ತೋರಿಸಿರಲಿಲ್ಲ. ಕೆಲಸ ಹೋಗುತ್ತದೆಂದು ಕೂಡ ಯಾರೂ ಹೆದರಿಸಿರಲಿಲ್ಲ. ಸರ್ವಾಧಿಕಾರ ನಡೆಯುವುದೇ ಹೀಗೆ, ಕೇಳುವ ಮೊದಲೇ ಕೊಟ್ಟುಬಿಡುವ ನನ್ನಂಥವರಿಂದ. ಕಾದಂಬರಿಯ ಅಂಜುಬುರುಕ ಅಧ್ಯಾಪಕನ ಪುಟಗಳಿಗೆ ಬಂದಾಗ ಆ ರಾತ್ರಿ ಪುಸ್ತಕ ಮುಚ್ಚಿಟ್ಟೆ.

ಈಗ ನನ್ನ ತಕರಾರಿಗೆ ಬರುತ್ತೇನೆ. 'ಮಟಿಗಾರಿ'ಯ ಉತ್ತರಾರ್ಧದಲ್ಲಿ ನಾಯಕ ಕೇಳುವುದನ್ನು ಬಿಡುತ್ತಾನೆ. ಬರೀ ಮಾತಿನಿಂದ ವೈರಿ ಸೋಲುವುದಿಲ್ಲ ಎಂದು ತೀರ್ಮಾನಿಸಿ ಮತ್ತೆ ಆಯುಧದ ಕಡೆ ತಿರುಗುತ್ತಾನೆ. ಮನೆ ಉರಿಯುತ್ತದೆ. ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಮಟಿಗಾರಿ ಮತ್ತು ಗುಥೆರಾ ನದಿಯಲ್ಲಿ ಕಣ್ಮರೆಯಾಗುತ್ತಾರೆ, ಸತ್ತರೋ ಬದುಕಿದರೋ ತಿಳಿಯದು. ಮುರಿಯೂಕಿ ಎಂಬ ಹುಡುಗ ಮುಗುಮೋ ಬುಡದಲ್ಲಿ ಹೂತ ಬಂದೂಕವನ್ನು ಅಗೆದು ತೆಗೆಯುತ್ತಾನೆ. ಗೂಗಿಯ ಸಿಟ್ಟು ನ್ಯಾಯವಾದದ್ದೇ. ಎಲ್ಲ ಬಾಗಿಲುಗಳೂ ಮುಚ್ಚಿದ್ದ ಕಾಲದಲ್ಲಿ, ದೇಶಭ್ರಷ್ಟನಾಗಿ ಕೂತು ಬರೆದದ್ದು. ಇದು ಅನ್ಯೋಕ್ತಿಯ ಕತೆ, ಇಲ್ಲಿ ಬಂದೂಕವೂ ಒಂದು ಸಂಕೇತ ಎಂದು ಯಾರಾದರೂ ಹೇಳಬಹುದು. ಇರಲಿ. ಆದರೆ ಸಂಕೇತವಾಗಿಯೇ ಅದು ಸೋಲುತ್ತದೆ ಎಂಬುದು ನನ್ನ ಅನಿಸಿಕೆ. ಪ್ರಶ್ನೆ ಕೇಳುತ್ತಿದ್ದಾಗ ಮಟಿಗಾರಿ ಯಾರು ಬೇಕಾದರೂ ಆಗಬಹುದಿತ್ತು. ಬಂದೂಕಕ್ಕೆ ಮರಳಿದ ಕೂಡಲೇ ಅವನು ಒಬ್ಬ ನಾಯಕನಾಗುತ್ತಾನೆ, ಜನ ಅವನಿಗಾಗಿ ಕಾಯುವವರಾಗುತ್ತಾರೆ. ಗುಪ್ತಚರರ ವರದಿಯನ್ನೇ ಮತ್ತೆ ನೋಡಿ. ಅದರಲ್ಲಿದ್ದದ್ದು ಅವನು ಕೇಳುವ ಪ್ರಶ್ನೆಯ ಸುದ್ದಿ. ಹಳ್ಳಿಯವರ ಬಾಯಲ್ಲಿ ಉಳಿದದ್ದೂ ಅದೇ. ಕಾದಂಬರಿಯ ಯಾವ ಭಾಗ ಗಟ್ಟಿ ಎಂಬುದನ್ನು ಸಾಮಾನ್ಯ ಓದುಗರು ಮತ್ತು ಪೊಲೀಸರು ನಮಗಿಂತ ಮೊದಲೇ ಗುರುತಿಸಿದ್ದರು.

ಇನ್ನೂ ದೊಡ್ಡ ಕೊರತೆಯೊಂದಿದೆ. ಈ ಕಾದಂಬರಿಯಲ್ಲಿ ವೈರಿ ಯಾರೆಂಬುದು ಮೊದಲ ಪುಟದಿಂದಲೇ ಗೊತ್ತು. ವಿಲಿಯಮ್ಸನ ಮಗ ವಿಲಿಯಮ್ಸನೇ, ಜಾನ್ ಬಾಯ್‌ನ ಮಗ ಜಾನ್ ಬಾಯ್ ಆಗಿಯೇ ಇರುತ್ತಾನೆ. ವೈರಿ ನಮ್ಮ ಪಾಳಯದಲ್ಲೇ, ನಮ್ಮದೇ ಘೋಷಣೆ ಕೂಗುತ್ತ ನಿಂತಿರಬಹುದು ಎಂಬ ಅನುಮಾನ ಕೃತಿಯೊಳಗೆ ಸುಳಿಯುವುದಿಲ್ಲ. ಕೀನ್ಯಾದ ವಿರೋಧಪಕ್ಷಗಳ ಮುಂದಿನ ಚರಿತ್ರೆ ಮಾತ್ರ ಈ ಅನುಮಾನದ ಸುತ್ತಲೇ ತಿರುಗಿತು.

1988ರ ಚುನಾವಣೆಯಿಂದ ಆರಂಭಿಸೋಣ. ಆ ವರ್ಷ ಕಾನು ಪಕ್ಷ ಅಭ್ಯರ್ಥಿಗಳ ಆಯ್ಕೆಗೆ ಗುಪ್ತ ಮತದಾನವನ್ನು ಕೈಬಿಟ್ಟು ಸಾಲಿನ ಪದ್ಧತಿ ತಂದಿತ್ತು. ಜನ ಬಯಲಿನಲ್ಲಿ ತಮಗೆ ಬೇಕಾದ ಅಭ್ಯರ್ಥಿಯ ಹಿಂದೆ ಸಾಲುಗಟ್ಟಿ ನಿಲ್ಲಬೇಕು, ಅಧಿಕಾರಿ ತಲೆ ಎಣಿಸುತ್ತಾನೆ. ಶೇಕಡಾ 70ಕ್ಕೂ ಹೆಚ್ಚು ಸಿಕ್ಕಿದವನು ಮುಂದಿನ ಮತದಾನವಿಲ್ಲದೆಯೇ ಗೆದ್ದ ಹಾಗೆ. ಯಾರು ಯಾರ ಹಿಂದೆ ನಿಂತರೆಂದು ಊರಿಗೆಲ್ಲ ಕಾಣುತ್ತದೆ, ಪಟೇಲನಂಥ ಅಧಿಕಾರಿಗೂ ಕಾಣುತ್ತದೆ. ಇಷ್ಟಾಗಿಯೂ ಅನೇಕ ಕಡೆ ಗಿಡ್ಡ ಸಾಲನ್ನೇ ಉದ್ದವೆಂದು ಘೋಷಿಸಿದರು. ಕಣ್ಣೆದುರಿನ ಸಾಲು ಸುಳ್ಳಾದದ್ದನ್ನು ನೋಡಿದ ಜನರ ಆಕ್ರೋಶವೇ ಮುಂದಿನ ಚಳವಳಿಗೆ ಬೀಜವಾಯಿತು. ಪಾದ್ರಿಗಳು ಪೀಠದಿಂದಲೇ ಮಾತಾಡಿದರು. 1990ರ ಜುಲೈ 7ರಂದು ನೈರೋಬಿಯ ಕಮುಕುಂಜಿ ಮೈದಾನದಲ್ಲಿ ನಿಷೇಧ ಮುರಿದು ಜನ ಸೇರಿದರು. ಸಭೆ ಕರೆದಿದ್ದ ಮಾಜಿ ಮಂತ್ರಿಗಳಾದ ಕೆನೆತ್ ಮಟಿಬಾ ಮತ್ತು ಚಾರ್ಲ್ಸ್ ರೂಬಿಯಾರನ್ನು ಅದಕ್ಕೆ ಮೊದಲೇ ಸೆರೆಹಿಡಿದಿದ್ದರು. ಗುಂಡೇಟಿಗೆ ಹಲವರು ಸತ್ತರು. ಸ್ವಾಹಿಲಿಯಲ್ಲಿ 'ಸಬಾ ಸಬಾ', ಏಳು ಏಳು, ಎಂದು ಆ ದಿನವನ್ನು ಈಗಲೂ ನೆನೆಯುತ್ತಾರೆ. 1991ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ್ದ ನೆರವು ಕೊಡುವ ದೇಶಗಳು ಹೊಸ ನೆರವನ್ನು ತಡೆಹಿಡಿದವು. ಡಿಸೆಂಬರಿನಲ್ಲಿ ಮೊಯಿ ಏಕಪಕ್ಷದ ಕಾನೂನನ್ನು ತೆಗೆದುಹಾಕಿದ.

1992ರ ಫೆಬ್ರವರಿ ಕೊನೆಯಲ್ಲಿ ರಾಜಕೀಯ ಕೈದಿಗಳ ತಾಯಂದಿರು, ವಂಗಾರಿ ಮಾಥಾಯ್ ಜೊತೆಗೂಡಿ, ನೈರೋಬಿಯ ಉಹುರು ಪಾರ್ಕಿನಲ್ಲಿ ಉಪವಾಸ ಕೂತರು. ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ನುಗ್ಗಿದಾಗ ಕೆಲವು ತಾಯಂದಿರು ಮೈಮೇಲಿನ ಬಟ್ಟೆ ಕಿತ್ತೆಸೆದು ನಿಂತರು. ತಾಯಿಯ ಬೆತ್ತಲೆಯನ್ನು ನೋಡಿದ ಮಗನಿಗೆ ಶಾಪ ತಟ್ಟುತ್ತದೆಂಬುದು ಅಲ್ಲಿನ ನಂಬಿಕೆ. ಅಲ್ಲಿಂದ ಓಡಿಸಿದ ಮೇಲೆ ಒಂದು ಇಗರ್ಜಿಯಲ್ಲಿ ಸುಮಾರು ಒಂದು ವರ್ಷ ಕೂತರು, ಮಕ್ಕಳನ್ನು ಬಿಡಿಸಿಕೊಂಡರು. ಅವರು ಕೇಳುತ್ತಿದ್ದುದೂ ಒಂದೇ ಪ್ರಶ್ನೆ, ನನ್ನ ತರಗತಿಯ ಹುಡುಗ ಕೇಳಿದ್ದೇ. ಮಟಿಗಾರಿಯ ಪೂರ್ವಾರ್ಧ ಬದುಕಿನಲ್ಲಿ ಮುಂದುವರಿದದ್ದು ಇಲ್ಲಿ ಎಂದು ನನಗೆ ತೋರುತ್ತದೆ.

ಅದೇ ಡಿಸೆಂಬರಿನ ಚುನಾವಣೆಗೆ ಬನ್ನಿ. ಏಕಪಕ್ಷದ ವಿರುದ್ಧ ಎಲ್ಲರನ್ನೂ ಒಟ್ಟುಗೂಡಿಸಿದ್ದ ಫೋರ್ಡ್ ಎಂಬ ವೇದಿಕೆ ಅಷ್ಟರಲ್ಲಿ ಎರಡಾಗಿ ಸೀಳಿತ್ತು. ಒಂದರ ಮುಂದೆ ವೃದ್ಧ ಓಗಿಂಗ ಓಡಿಂಗ, ಇನ್ನೊಂದರ ಮುಂದೆ ಮಟಿಬಾ. ಮೂರನೆಯವನಾಗಿ ಕಿಬಾಕಿ ತನ್ನದೇ ಪಕ್ಷ ಕಟ್ಟಿಕೊಂಡು ಬಂದ. ಪುಸ್ತಕ ಬಿಡುಗಡೆಗೆ ಬಂದಿದ್ದ ಅದೇ ಕಿಬಾಕಿ. 1982ರ ಮಾರ್ಚಿನಲ್ಲಿ ಕಮಿರೀಥು ರಂಗಮಂದಿರವನ್ನು ಪೊಲೀಸರು ನೆಲಸಮ ಮಾಡಿದಾಗ ಆತ ದೇಶದ ಉಪಾಧ್ಯಕ್ಷನಾಗಿದ್ದ. ಕಾನು ಪಕ್ಷವನ್ನು ಕೆಡವುತ್ತೇವೆನ್ನುವುದು ಮುಗುಮೋ ಮರವನ್ನು ರೇಜರ್ ಬ್ಲೇಡಿನಿಂದ ಕಡಿಯುತ್ತೇವೆಂದ ಹಾಗೆ ಎಂದು ವಿರೋಧಿಗಳನ್ನು ಹಂಗಿಸಿದವನೂ ಆತನೇ. ಆ ಮಾತಾಡಿ ಹೆಚ್ಚು ದಿನವಾಗುವ ಮೊದಲೇ ತಾನೂ ಒಂದು ಬ್ಲೇಡು ಹಿಡಿದು ನಿಂತ. ಮೊಯಿಗೆ ಬಂದದ್ದು ಸುಮಾರು ಶೇಕಡಾ 36 ಮತ. ಉಳಿದ ಮೂವರದೂ ಸೇರಿದರೆ 60ಕ್ಕೂ ಮೇಲೆ. ಹಿಂಸೆ, ಹಣ, ಮೋಸ ಎಲ್ಲವೂ ಆ ಚುನಾವಣೆಯಲ್ಲಿದ್ದವು, ನಿಜ. ಆದರೂ ಮೊಯಿಗೆ ಇನ್ನೂ ಹತ್ತು ವರ್ಷಗಳನ್ನು ಕೊಟ್ಟದ್ದರಲ್ಲಿ, ಸಿಂಹಾಸನ ಮುರಿಯಬೇಕೆನ್ನುತ್ತ ಅದರ ಅಳತೆ ತೆಗೆದುಕೊಳ್ಳುತ್ತಿದ್ದ ಮೂವರ ಪಾಲೂ ಇದೆ.

2002ರಲ್ಲಿ ಒಗ್ಗಟ್ಟಾದಾಗ ಗೆದ್ದರು. ಕಿಬಾಕಿ ಶೇಕಡಾ 62ರಷ್ಟು ಮತ ಪಡೆದು ಅಧ್ಯಕ್ಷನಾದ. ಮುಂದಿನ ವರ್ಷ ನೈರೋಬಿಯ ನ್ಯಾಯೋ ಭವನದ ನೆಲಮಾಳಿಗೆಯ ಚಿತ್ರಹಿಂಸೆಯ ಕೋಣೆಗಳನ್ನು ಜನರಿಗೆ ತೆರೆದು ತೋರಿಸಿದರು. 2004ರಲ್ಲಿ ಗೂಗಿ 22 ವರ್ಷಗಳ ಮೇಲೆ ತಾಯ್ನಾಡಿಗೆ ಬಂದ. ಬಂದ ಕೆಲವೇ ದಿನಗಳಲ್ಲಿ ಆತ ತಂಗಿದ್ದಲ್ಲಿಗೆ ಆಯುಧ ಹಿಡಿದವರು ನುಗ್ಗಿ ಹಲ್ಲೆ ಮಾಡಿದರು. ಇನ್ನು 2007ರ ಡಿಸೆಂಬರ್ 30ರ ಮುಸ್ಸಂಜೆ, ಫಲಿತಾಂಶದ ಬಗ್ಗೆ ದೇಶವೆಲ್ಲ ಕೂಗಾಡುತ್ತಿದ್ದಾಗ, ಅದೇ ಕಿಬಾಕಿ ಅವಸರವಸರವಾಗಿ ಎರಡನೆಯ ಸಲ ಪ್ರಮಾಣ ಮಾಡಿದ. ಆಮೇಲಿನ ಹಿಂಸೆಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು. 'ಮಟಿಗಾರಿ'ಯ ಚೌಕಟ್ಟಿನೊಳಗೆ ಕಿಬಾಕಿಯಂಥವನಿಗೆ ಜಾಗವೇ ಇಲ್ಲ. ಆತ ವಿಲಿಯಮ್ಸನೂ ಅಲ್ಲ, ಮಟಿಗಾರಿಯೂ ಅಲ್ಲ. ಆತ ನಮ್ಮೆಲ್ಲರ ಹಾಗೆ, ಕಾಲ ನೋಡಿ ಸಾಲು ಬದಲಿಸಿದ ಮನುಷ್ಯ.

ಗೂಗಿ ದೊಡ್ಡ ಲೇಖಕನೆಂದು ನಾನು ಹೇಳುವುದು ಆತನಿಗೆ ಇದು ತಿಳಿಯಲಿಲ್ಲ ಎಂಬ ಕಾರಣಕ್ಕಲ್ಲ, ತಿಳಿದುಕೊಂಡ ಎಂಬ ಕಾರಣಕ್ಕೆ. ಗಿಕುಯುವಿನಲ್ಲಿ 2004ರಿಂದ ಸಂಪುಟಗಳಾಗಿ ಬಂದು, 2006ರಲ್ಲಿ ಆತನದೇ ಇಂಗ್ಲಿಷ್ ಅನುವಾದದಲ್ಲಿ ಪ್ರಕಟವಾದ 'ವಿಜರ್ಡ್ ಆಫ್ ದಿ ಕ್ರೋ' ಎಂಬ ಬೃಹತ್ ಕಾದಂಬರಿ 'ಮಟಿಗಾರಿ'ಗೆ ಆತನೇ ಬರೆದ ವಿಮರ್ಶೆ ಎಂಬಂತೆ ನನಗೆ ಕಾಣುತ್ತದೆ. ಅಬುರೀರಿಯಾ ಎಂಬ ಕಲ್ಪಿತ ದೇಶ, ಅದಕ್ಕೊಬ್ಬ ಹೆಸರಿಲ್ಲದ ದೊರೆ. ದೊರೆಯ ಕಣ್ಣಾಗಲು ಒಬ್ಬ ಮಂತ್ರಿ ಕಣ್ಣನ್ನೇ ಶಸ್ತ್ರಕ್ರಿಯೆಯಿಂದ ದೊಡ್ಡದು ಮಾಡಿಸಿಕೊಂಡಿದ್ದಾನೆ, ಇನ್ನೊಬ್ಬ ಕಿವಿಯನ್ನು. ದೊರೆಯ ಹುಟ್ಟುಹಬ್ಬಕ್ಕೆ ಸ್ವರ್ಗ ಮುಟ್ಟುವ ಕಟ್ಟಡವೊಂದನ್ನು ಎಬ್ಬಿಸಲು ವಿಶ್ವದ ದೊಡ್ಡ ಬ್ಯಾಂಕಿನಿಂದ ಸಾಲ ಬೇಕಾಗಿದೆ. 1989ರಲ್ಲಿ ಉಹುರು ಪಾರ್ಕಿನಲ್ಲಿ 60 ಅಂತಸ್ತಿನ ಗೋಪುರವನ್ನೂ ಮೊಯಿಯ ಪ್ರತಿಮೆಯನ್ನೂ ನಿಲ್ಲಿಸಲು ಹೊರಟಾಗ ವಂಗಾರಿ ಮಾಥಾಯ್ ಎದ್ದುನಿಂತು ತಡೆದದ್ದು ಇಲ್ಲಿ ನೆನಪಾಗದೆ ಇರದು.

ದೊರೆ ಸಾಲಕ್ಕಾಗಿ ಕಾಯುತ್ತಾನೆ, ಪ್ರಜೆಗಳು ಸಾಲಿನಲ್ಲಿ ಕಾಯುತ್ತಾರೆ. ಟಾಜಿರಿಕಾ ಎಂಬ ಗುತ್ತಿಗೆದಾರನ ಕಚೇರಿಯ ಮುಂದೆ ಕೆಲಸ ಕೇಳುವವರ ಒಂದು ಸಾಲು ಹುಟ್ಟುತ್ತದೆ. ಅದು ಬೆಳೆಯುತ್ತದೆ, ಬೀದಿಗಳನ್ನು ಸುತ್ತುತ್ತದೆ, ಊರುಗಳಿಗೆ ಹರಡುತ್ತದೆ. ಸಾಲಿನ ತುದಿಯಲ್ಲಿ ಏನು ಕೊಡುತ್ತಾರೆಂದು ಹಿಂದೆ ನಿಂತವರಿಗೆ ಗೊತ್ತಿಲ್ಲ. ಆದರೂ ನಿಲ್ಲುತ್ತಾರೆ, ಪಕ್ಕದವರೊಂದಿಗೆ ಮಾತಾಡುತ್ತಾರೆ, ವದಂತಿ ಹಬ್ಬುತ್ತದೆ, ನಗು ಹಬ್ಬುತ್ತದೆ. ಮೊದಮೊದಲು ಇದನ್ನು ದೊರೆಯ ಜನಪ್ರಿಯತೆ ಎಂದು ಹೊಗಳಿದ ಸರ್ಕಾರವೇ ಕೊನೆಗೆ ಹೆದರಿ ಸಾಲು ನಿಲ್ಲುವುದನ್ನು ನಿಷೇಧಿಸಬೇಕಾಗುತ್ತದೆ. ಜನರನ್ನು ಎಣಿಸಿ ಅವಮಾನಿಸಲು ಬಳಸಿದ್ದ ಸಾಲು ಇಲ್ಲಿ ಜನ ಪರಸ್ಪರ ಗುರುತು ಹಚ್ಚಿಕೊಳ್ಳುವ ಜಾಗವಾಗಿದೆ. ಅದಕ್ಕೆ ನಾಯಕನಿಲ್ಲ, ಹಾಗಾಗಿ ಹಿಡಿದೊಯ್ಯಲು ಯಾರೂ ಇಲ್ಲ.

ಈ ಕಾದಂಬರಿಯ ಕೊನೆಯ ಭಾಗದಲ್ಲಿ ದೊರೆ ಬಲೂನಿನಂತೆ ಉಬ್ಬುತ್ತಾನೆ, ತಾನು ಪ್ರಜಾಪ್ರಭುತ್ವವೆಂಬ ಶಿಶುವನ್ನು ಹೆತ್ತಿದ್ದೇನೆಂದು ಸಾರುತ್ತಾನೆ. ಇನ್ನು ಮುಂದೆ ಬೇಕಾದಷ್ಟು ಪಕ್ಷಗಳಿರಲಿ, ಎಲ್ಲ ಪಕ್ಷಗಳಿಗೂ ತಾನೇ ನಾಯಕ ಎನ್ನುತ್ತಾನೆ. 1991ರಲ್ಲಿ ಮೊಯಿ ಬಹುಪಕ್ಷ ಪದ್ಧತಿಗೆ ಒಪ್ಪಿದ ಬಗೆಯನ್ನು ಬಲ್ಲವರಿಗೆ ಇದರ ವ್ಯಂಗ್ಯ ಹೇಳಬೇಕಾಗಿಲ್ಲ. ದೊರೆಯನ್ನು ಕೆಡವುವವನು ಮಾತ್ರ ಯಾವ ಕ್ರಾಂತಿಕಾರಿಯೂ ಅಲ್ಲ, ಆ ಗುತ್ತಿಗೆದಾರ ಟಾಜಿರಿಕಾ. ಆತ ತನ್ನನ್ನು ಚಕ್ರವರ್ತಿಯೆಂದು ಘೋಷಿಸಿಕೊಳ್ಳುತ್ತಾನೆ. ಇಪ್ಪತ್ತು ವರ್ಷಗಳ ಹಿಂದಿನ ಗೂಗಿ ಈ ಅಂತ್ಯವನ್ನು ಬರೆಯುತ್ತಿರಲಿಲ್ಲ. ಪುಸ್ತಕ ಬೇಕಾದ್ದಕ್ಕಿಂತ ಉದ್ದವಾಗಿದೆ, ಒಂದೇ ತಮಾಷೆಯನ್ನು ಮೂರು ಮೂರು ಸಲ ಹೇಳುತ್ತದೆ, ಓದುಗನೂ ಒಂದು ಸಾಲಿನಲ್ಲಿ ನಿಂತ ಹಾಗೆ ಕಾಯಬೇಕಾಗುತ್ತದೆ. ಆದರೂ ಎರಡರಲ್ಲಿ ಒಂದನ್ನು ಓದಿ ಎಂದರೆ ನಾನು ಇದನ್ನೇ ಕೈಗೆ ಕೊಟ್ಟೇನು.

ಇದನ್ನೆಲ್ಲ ಬರೆಯುವ ಹೊತ್ತಿಗೆ ಕೀನ್ಯಾದ ಸುದ್ದಿ ನಮ್ಮ ಪಕ್ಕದ ರಾಜ್ಯದಿಂದಲೇ ಬಂತು. ಓಗಿಂಗ ಓಡಿಂಗನ ಮಗ ರೈಲಾ ಓಡಿಂಗ 2025ರ ಅಕ್ಟೋಬರ್ 15ರಂದು ಕೇರಳದ ಕೂತ್ತಾಟ್ಟುಕುಳಂನಲ್ಲಿ, ಆಯುರ್ವೇದ ಚಿಕಿತ್ಸೆಗೆಂದು ಬಂದಿದ್ದಾಗ, ಬೆಳಗಿನ ವಾಯುಸಂಚಾರದಲ್ಲಿ ಕುಸಿದು ತೀರಿಕೊಂಡ. ಮೊಯಿಯ ಕಾಲದಲ್ಲಿ ವರ್ಷಗಟ್ಟಲೆ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದವನು, ಆಮೇಲೆ ಅದೇ ಮೊಯಿಯ ಮಂತ್ರಿಮಂಡಲ ಸೇರಿದವನು. ಐದು ಸಲ ಅಧ್ಯಕ್ಷ ಪದವಿಗೆ ನಿಂತು ಸೋತವನು, ಸೋತ ಮೇಲೆ ಗೆದ್ದವರ ಕೈಕುಲುಕಿದವನು. ಅದಕ್ಕೆ ಹಿಂದಿನ ವರ್ಷ, 2024ರ ಜೂನ್ 25ರಂದು, ಹೊಸ ತೆರಿಗೆಗಳ ವಿರುದ್ಧ ಎದ್ದ ಹುಡುಗ ಹುಡುಗಿಯರು ಸಂಸತ್ತಿನೊಳಗೇ ನುಗ್ಗಿದ್ದರು. ನಮಗೆ ನಾಯಕರಿಲ್ಲ, ಬುಡಕಟ್ಟಿಲ್ಲ, ಪಕ್ಷವಿಲ್ಲ ಎಂದು ಅವರು ಹೇಳಿಕೊಂಡರು. ಹಲವರು ಗುಂಡಿಗೆ ಬಲಿಯಾದರು. ಅಧ್ಯಕ್ಷ ವಿಲಿಯಂ ರೂಟೊ ಆ ಮಸೂದೆಯನ್ನು ಕೈಬಿಡಬೇಕಾಯಿತು. ಮರುತಿಂಗಳೇ ರೂಟೊ ತನ್ನ ಮಂತ್ರಿಮಂಡಲಕ್ಕೆ ರೈಲಾನ ಪಕ್ಷದವರನ್ನು ಹೆಸರಿಸಿದ. ಹೀಗೆಂದು ರೈಲಾನನ್ನು ಹಗುರವಾಗಿ ತೂಗಲು ನನಗೆ ಮನಸ್ಸಿಲ್ಲ. ಆತ ಜೈಲಿನಲ್ಲಿ ಕಳೆದ ವರ್ಷಗಳ ಮುಂದೆ ನನ್ನ ಮಾದರಿ ಪ್ರಬಂಧವನ್ನಿಟ್ಟು ನೋಡಿದರೆ ಮಾತಾಡುವ ಅರ್ಹತೆ ನನಗಿಲ್ಲ.

ಆ ರಾತ್ರಿ ಮುಚ್ಚಿಟ್ಟಿದ್ದ 'ಮಟಿಗಾರಿ'ಯನ್ನು ಮರುದಿನ ಓದಿ ಮುಗಿಸಿದೆ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡಿದ್ದ ಪ್ರತಿ ಅದು. ಮೊದಲ ಓದಿನಲ್ಲಿ ನಾನು ಪೆನ್ಸಿಲಿನಿಂದ ಗೀಟು ಎಳೆದಿದ್ದೆಲ್ಲ ಕೊನೆಯ ಭಾಗಕ್ಕೆ, ಬೆಂಕಿ ಮತ್ತು ಬಂದೂಕದ ಪುಟಗಳಿಗೆ. ಅಧ್ಯಾಪಕನ ಪುಟಗಳಲ್ಲಿ ಒಂದು ಗೀಟೂ ಇರಲಿಲ್ಲ. ಈ ಸಲ ಅಲ್ಲಿ ಪೆನ್ಸಿಲು ಆಡಿಸಿದೆ. ಅಂಚಿನಲ್ಲಿ ಆ ಹುಡುಗನ ಹೆಸರು ಬರೆಯಬೇಕೆಂದುಕೊಂಡೆ. ಹಾಜರಿ ಪುಸ್ತಕದಲ್ಲಿ ದಿನವೂ ಕೂಗುತ್ತಿದ್ದ ಹೆಸರು, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವನ ಸೋದರಮಾವ ಮನೆಗೆ ಬಂದನೋ ಇಲ್ಲವೋ ಎಂದು ನಾನು ಆಗಲೂ ಕೇಳಿರಲಿಲ್ಲ.